ಪದಚರ್ಚೆ: ಹತಾರ ತೂಗುಹಾಕುವ ಓರೆ ಪಟ್ಟಿಗೆ ನಿಮ್ಮ ಕಡೆ ಏನಂತಾರೆ?

ಗೆಳೆಯರೇ, ನಮಸ್ಕಾರ.

ಮೂಡಿಗೆರೆ ಕಡೆಯ ಕೆಲವು ಹುಡುಗರಿಗಾಗಿ ಮರಗೆಲಸದ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕಡಿಮೆ ಖರ್ಚಿನಲ್ಲಿ ಹತಾರಗಳಿಗೆ ಜಾಗ ಮಾಡಿಕೊಳ್ಳುವುದು ಅದರಲ್ಲಿ ಒಂದು ಪಾಠ. ಸಾಮಾನಿಗೆ ಇಲ್ಲಿ ಬರವಿಲ್ಲ. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಕೊಯ್ದಾಗ ಉಳಿಯುವ ತುಂಡು ಹಲಗೆ, ಪ್ಲೈವುಡ್ ಚೂರು, ಮನೆ ಕೆಲಸದಲ್ಲಿ ಮಿಕ್ಕ ಪಿವಿಸಿ ಪೈಪು ಇದ್ದರೆ ಸಾಕು. ಬರ ಇರುವುದು ಹೆಸರುಗಳಿಗೆ.

ಮುಖ್ಯವಾಗಿ, ಹತಾರದ ಹಲಗೆಯನ್ನು ಗೋಡೆಗೆ ತೂಗುಹಾಕುವ ಓರೆ ಪಟ್ಟಿಗಳ ಜೋಡಿಗೆ, ಅಂದರೆ ಇಂಗ್ಲಿಷಿನ ಫ್ರೆಂಚ್ ಕ್ಲೀಟ್‌ಗೆ ಒಂದು ಹೆಸರು ಬೇಕು. 18 ಮಿಲಿಮೀಟರ್ ದಪ್ಪ, 4 ಇಂಚು ಅಗಲದ ಪ್ಲೈವುಡ್ ಪಟ್ಟಿಯನ್ನು ಉದ್ದಕ್ಕೂ 45 ಡಿಗ್ರಿ ಓರೆಯಲ್ಲಿ ಎರಡಾಗಿ ಸೀಳುತ್ತಾರೆ. ಒಂದು ಪಟ್ಟಿಯನ್ನು ಗೋಡೆಗೆ ತಿರುಪು ಹಾಕಿ ಕೂರಿಸುತ್ತಾರೆ. ಅದರ ಓರೆ ಅಂಚು ಮೇಲಿರಬೇಕು, ಗೋಡೆ ಕಡೆಗೆ ಇಳಿದಿರಬೇಕು. ಇನ್ನೊಂದನ್ನು ಮಗುಚಿ, ಹತಾರ ಹಿಡಿಯುವ ಹಲಗೆಯ ಬೆನ್ನಿಗೆ ಹೊಡೆಯುತ್ತಾರೆ. ಹಲಗೆಯನ್ನು ಮೇಲಿಂದ ಇಳಿಸಿದರೆ ಎರಡೂ ಕಚ್ಚಿಕೊಳ್ಳುತ್ತವೆ. ಭಾರ ಜಾಸ್ತಿಯಾದಷ್ಟೂ ಗೋಡೆ ಕಡೆಗೇ ಎಳೆಯುತ್ತದೆ. ಎತ್ತಿದರೆ ಸುಮ್ನೆ ಕೈಗೆ ಬರುತ್ತದೆ. ಹಲಗೆಯ ಬುಡಕ್ಕೂ ಅಷ್ಟೇ ದಪ್ಪದ ಒಂದು ಚೂರು ಹೊಡೆದರೆ ನೆಟ್ಟಗೆ ನಿಲ್ಲುತ್ತದೆ. ಹಿಂದೆ ಗಾಳಿಯಾಡಲು ಸಂದೂ ಸಿಗುತ್ತದೆ. ನಮ್ಮ ಮಳೆಗಾಲದ ಗೋಡೆ ಗೊತ್ತಲ್ವಾ, ಉಕ್ಕು ಅದಕ್ಕೆ ತಾಗದಿದ್ದರೆ ಅರ್ಧ ತುಕ್ಕು ತಪ್ಪಿದಂತೆ.

ಇದಕ್ಕೆ ಮೊದಲು 'ಓರೆಪಟ್ಟಿ' ಅಂತ ಬರೆದೆ. ಆದರೆ ಅದೇ ಪುಟದಲ್ಲಿ 'ಒರೆ'ಯೂ ಬರುತ್ತದೆ. ಹಲಗೆಗೆ ತೂತು ಕೊರೆದು ಮುಂದೆ ಸೀಳು ಬಿಟ್ಟರೆ ಉಳಿಯ ಕತ್ತು ಅದರಲ್ಲಿ ಕೂರುತ್ತದೆ. ಕೆಳಗೆ ಹರಿತವಾದ ಬಾಯಿ ಯಾರ ಕೈಗೂ ತಾಗದಂತೆ ಒಂದು ಪೈಪ್ ತುಂಡು ಹಾಕುತ್ತೇವೆ. ಅದಕ್ಕೆ ಕತ್ತಿಯ ಒರೆಯ ಹಾಗೆ 'ಉಳಿಯ ಒರೆ' ಅನ್ನುವುದೇ ಚೆಂದ, ಅದನ್ನು ಬಿಡಲಾರೆ. ಒಂದು ದೀರ್ಘದ ವ್ಯತ್ಯಾಸ, ಓದುವ ಹುಡುಗರಿಗೆ ಗೊಂದಲ.

ಓರೆಯಾಗಿ ಕೊಯ್ದದ್ದಕ್ಕೆಲ್ಲ ಇಲ್ಲಿನ ಬಡಗಿಗಳು 'ಕ್ರಾಸ್' ಅನ್ನುತ್ತಾರೆ. ಮಾತಿಗೆ ಸರಿ. ಬರಹದಲ್ಲಿ ಮರದ ಎಳೆಗೆ ಅಡ್ಡ ಕೊಯ್ಯುವ 'ಕ್ರಾಸ್ ಕಟ್' ಜೊತೆ ಬೆರೆತುಹೋಗುತ್ತದೆ. ಗಾರೆಯವರ 'ವಾಟ' ಒಳ್ಳೆಯ ಪದ, ಆದರೆ ಅದು ನೀರು ಹರಿಯುವಷ್ಟು ಸಣ್ಣ ಇಳಿಜಾರು. 45 ಡಿಗ್ರಿಗೆ ವಾಟ ಅಂದರೆ ಯಾವ ಮೇಸ್ತ್ರಿಯೂ ಒಪ್ಪಲಾರ.

ನನ್ನ ಮನಸ್ಸು 'ಕಚ್ಚುಪಟ್ಟಿ' ಕಡೆಗಿದೆ. ಪಟ್ಟಿಗಳು ಕಚ್ಚಿಕೊಳ್ಳುವುದೂ ಅದರಲ್ಲಿದೆ, ಮರಕ್ಕೆ ಕಚ್ಚು ಹಾಕುವುದೂ ಬಡಗಿಗಳ ಮಾತೇ. ಒಂದೇ ಅನುಮಾನ: ಕಚ್ಚು ಅಂದರೆ ಅಲ್ಲಲ್ಲಿ ತೆಗೆದ ತೋಡು ಅಂತ ಓದುವವರು ತಿಳಿಯಬಹುದೇ?

ಇನ್ನು, ಹತಾರ ನೇತುಹಾಕಲು ತೂತುಗಳ ಹಲಗೆಗೆ (ಪೆಗ್ ಬೋರ್ಡ್) ಸಿಕ್ಕಿಸುವ ಮೊಳೆಗೆ 'ಗಿಳಿಗೂಟ' ಅಂತ ಹಾಕಿದ್ದೇನೆ. ಹಳೆ ಮನೆಗಳ ಗೋಡೆಯಲ್ಲಿ ಬಟ್ಟೆ ತೂಗುಹಾಕುತ್ತಿದ್ದ ಗೂಟದ ಹೆಸರದು. ಕೆಲಸ ಒಂದೇ, ಹಾಗಾಗಿ ಹೊಸ ಪದ ಕಟ್ಟಲಿಲ್ಲ.

ಸಕಲೇಶಪುರ, ಅರಸೀಕೆರೆ, ಕಡೂರು ಕಡೆಯವರು ಒಮ್ಮೆ ನಿಮ್ಮೂರಿನ ಬಡಗಿಗಳನ್ನು ಕೇಳಿ ತಿಳಿಸಿ. ಅಂಥ ಎರಡು ಪಟ್ಟಿಗಳನ್ನು ಅವರ ಕೈಗೇ ಕೊಟ್ಟು ಕೇಳಿದರೆ ಇನ್ನೂ ಒಳ್ಳೆಯದು. ನಾವು ಹೆಸರು ಹೇಳಿಕೊಟ್ಟು ಕೇಳಿದರೆ ಅವರು ಹೂಂ ಅಂದುಬಿಡುತ್ತಾರೆ.