ಪದ ಬೇಕು: ಪ್ಲಗ್ ಕಿತ್ತ ಮೇಲೂ ಒಳಗೆ ಉಳಿಯುವ ಕರೆಂಟಿಗೆ, ಅದನ್ನು ಹೊರಹಾಕುವ ಕೆಲಸಕ್ಕೆ

ಗೆಳೆಯರಿಗೆಲ್ಲ ನಮಸ್ಕಾರ.

ಎರಡು ಪದ ಬೇಕಾಗಿವೆ. ಸುಮ್ನೆ ಚರ್ಚೆಗಲ್ಲ, ಅಚ್ಚಿಗೆ ಹೋಗಬೇಕಾದ ಒಂದು ಕರಪತ್ರಕ್ಕೆ. ನಮ್ಮ ಕಡೆಯ ಗುಜರಿ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗರಿಗೆ, ಮತ್ತೆ ರಿಪೇರಿ ಕಲಿಯಲು ಬರುವ ಐಟಿಐ ಮಕ್ಕಳಿಗೆ ಕೊಡೋಣ ಅಂತ ಬರೆಯುತ್ತಿದ್ದೇವೆ. ಮೈಕ್ರೋವೇವ್ ಓವನ್ ಬಿಚ್ಚುವಾಗ ಜೀವ ಉಳಿಸಿಕೊಳ್ಳೋದು ಹೇಗೆ ಅನ್ನೋದು ವಿಷಯ. ಎಲ್ಲ ಬರೆದಾಯಿತು. ಈ ಒಂದು ಕಡೆ ಬಂದು ನಿಂತಿದ್ದೇನೆ:

"ಪ್ಲಗ್ ಕಿತ್ತ ಮೇಲೂ ಒಳಗೆ ———— ಇರುತ್ತದೆ. ಮೊದಲು ಅದನ್ನು ————. ಆಮೇಲೆ ಕೈ ಹಾಕಿ."

ಎರಡು ಖಾಲಿ ಜಾಗ. ಇಂಗ್ಲಿಷಿನಲ್ಲಿ ಚಾರ್ಜ್, ಡಿಸ್ಚಾರ್ಜ್ ಅಂದರೆ ಮುಗಿಯಿತು. ಕನ್ನಡದಲ್ಲಿ ಏನು ಹಾಕಿದರೂ ಬೇರೇನೋ ಕೇಳಿಸುತ್ತಿದೆ.

ಇದು ಯಾಕೆ ಇಷ್ಟು ಕಾಡುತ್ತಿದೆ ಅಂತ ಹೇಳಿಬಿಡುತ್ತೇನೆ. ಹೋದ ತಿಂಗಳು ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ಹದಿನೆಂಟೋ ಹತ್ತೊಂಬತ್ತೋ ವಯಸ್ಸಿನ ಹುಡುಗ ನೆಲದ ಮೇಲೆ ಕೂತು ಓವನ್ ಬಿಚ್ಚುತ್ತಿದ್ದ. ತಗಡಿನ ಮುಚ್ಚಳ ಪಕ್ಕದಲ್ಲಿ ಬಿದ್ದಿತ್ತು. ಎಡಗೈಯಲ್ಲಿ ಟ್ರಾನ್ಸ್‌ಫಾರ್ಮರ್ ಹಿಡಿದುಕೊಂಡು ಬಲಗೈಯಲ್ಲಿ ಇಕ್ಕಳ ಆಡಿಸುತ್ತಿದ್ದ. "ಕರೆಂಟ್ ನೋಡ್ಕೊಂಡು ಬಿಚ್ಚಪ್ಪ" ಅಂದೆ. ಅವನು ಓವನ್ನನ್ನೇ ಎತ್ತಿ ಹಿಂಭಾಗವನ್ನು ನನ್ನ ಕಡೆ ತಿರುಗಿಸಿದ. ವೈರನ್ನು ಬುಡಕ್ಕೇ ಕತ್ತರಿಸಿದ್ದರು. ತಾಮ್ರಕ್ಕಾಗಿ ಮೊದಲು ಹೋಗೋದೇ ಅದು. "ವೈರೇ ಇಲ್ವಲ್ಲ ಅಣ್ಣ, ಕರೆಂಟ್ ಎಲ್ಲಿಂದ ಬರುತ್ತೆ?" ಅಂದ.

ತಪ್ಪು ಅವನದಲ್ಲ, ನನ್ನ ಮಾತಿನದು. ಕನ್ನಡದಲ್ಲಿ ಕರೆಂಟ್ ಬರುತ್ತದೆ, ಹೋಗುತ್ತದೆ. ಕರೆಂಟ್ ಆಫೀಸಿನವರು ಕೊಡುತ್ತಾರೆ, ತೆಗೆಯುತ್ತಾರೆ. ಎಲ್ಲೋ ದೂರದಿಂದ ಕಂಬದ ಮೇಲೆ ಹಾದು ಮನೆಗೆ ಬರುವ ಅತಿಥಿ ಅದು. ನಮ್ಮಲ್ಲಿ ಅದು ಬಂದದ್ದೂ ಹಾಗೇ ಅಲ್ವಾ? 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆಮೇಲೆ ಊರೂರಿಗೆ ಬಂತು. "ನಮ್ಮೂರಿಗೆ ಕರೆಂಟ್ ಬಂದ ವರ್ಷ" ಅಂತ ಹಿರಿಯರು ಲೆಕ್ಕ ಇಡುತ್ತಿದ್ದರು. ಬರುವ ವಸ್ತುವಿಗೆ ದಾರಿ ಕತ್ತರಿಸಿದರೆ ಅದು ಇಲ್ಲ. ಈ ಮಾತಿನಲ್ಲಿ ಬೆಳೆದ ಯಾರೇ ಆದರೂ ಆ ಹುಡುಗ ಕೇಳಿದ್ದನ್ನೇ ಕೇಳುತ್ತಾರೆ.

ಆದರೆ ಓವನ್ನಿನ ಒಳಗೆ ಕರೆಂಟ್ ಕೂತಿರುತ್ತದೆ. ನಮ್ಮ 230 ವೋಲ್ಟನ್ನು ಅಲ್ಲಿನ ಟ್ರಾನ್ಸ್‌ಫಾರ್ಮರ್ ಸುಮಾರು 2,000 ವೋಲ್ಟಿಗೆ ಏರಿಸುತ್ತದೆ. ಒಂದು ಕಂಡೆನ್ಸರ್ (ಕರೆಂಟನ್ನು ತುಂಬಿಟ್ಟುಕೊಳ್ಳುವ ಭಾಗ), ಒಂದು ಡಯೋಡ್ (ಒಂದೇ ದಿಕ್ಕಿಗೆ ಬಿಡುವ ಭಾಗ) ಸೇರಿ ಅದನ್ನು ಇನ್ನೂ ಎತ್ತರಿಸಿ, ಮೈಕ್ರೋವೇವ್ ಹುಟ್ಟಿಸುವ ಮ್ಯಾಗ್ನೆಟ್ರಾನ್‌ಗೆ 4,000 ವೋಲ್ಟಿನ ಆಸುಪಾಸಿನಲ್ಲಿ ಕೊಡುತ್ತವೆ. ಇನ್ವರ್ಟರ್ ಬಗೆಯ ಓವನ್ನಿನಲ್ಲಿ ಜೋಡಣೆ ಬೇರೆ, ಅಪಾಯ ಮಾತ್ರ ಅದೇ. ಆ ಕಂಡೆನ್ಸರ್ ನೋಡಲು ಮುಷ್ಟಿಯಷ್ಟು. ತಗಡಿನ ಡಬ್ಬಿ, ತಲೆಯ ಮೇಲೆ ಎರಡು ತುದಿ. ಹೆಚ್ಚುಕಡಿಮೆ 1 ಮೈಕ್ರೋಫ್ಯಾರಡ್, 2,100 ವೋಲ್ಟ್ ಅಂತ ಮೈಮೇಲೇ ಬರೆದಿರುತ್ತದೆ. ಓವನ್ ನಿಲ್ಲಿಸಿದ ಗಳಿಗೆಯಲ್ಲಿ ಅದರೊಳಗೆ 2,000 ವೋಲ್ಟಿಗೂ ಜಾಸ್ತಿ ಉಳಿದಿರಬಹುದು. ಒಂದು ಕೈಯಿಂದ ಹೊಕ್ಕು ಇನ್ನೊಂದು ಕೈಯಿಂದ ಹೊರಟರೆ ನಡುವೆ ಸಿಗುವುದು ಎದೆ. ಪ್ರಾಣಕ್ಕೇ ಸಂಚಕಾರ.

ಸಾಮಾನ್ಯವಾಗಿ ಡಬ್ಬಿಯೊಳಗೆ 10 ಮೆಗಾ ಓಮ್‌ನ ಒಂದು ರೆಸಿಸ್ಟರ್, ಅಂದರೆ ಕರೆಂಟನ್ನು ತಡೆದು ನಿಧಾನಕ್ಕೆ ಬಿಡುವ ಭಾಗ, ಇರುತ್ತದೆ. ಅದು ಸರಿ ಇದ್ದರೆ ಒಂದೆರಡು ನಿಮಿಷದಲ್ಲಿ ಎಲ್ಲ ತಾನಾಗೇ ಇಳಿದುಹೋಗುತ್ತದೆ. ಆ ಹುಡುಗನ ಕೈಲಿದ್ದ ಓವನ್ ಎಷ್ಟೋ ದಿನದಿಂದ ಬಿದ್ದಿದ್ದು, ಬಹುಶಃ ಬರಿದಾಗಿತ್ತು. ಆದರೆ ಆ ರೆಸಿಸ್ಟರ್ ಸುಟ್ಟಿದ್ದರೆ ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ನೂರು ಓವನ್ ಬಿಚ್ಚಿ ಏನೂ ಆಗದವನಿಗೆ ನೂರ ಒಂದನೆಯದು ಕಾದಿರುತ್ತದೆ. ಅದಕ್ಕೇ ಆ ಸಾಲು ಕರಪತ್ರದಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಬರಬೇಕು.

ಈಗ ಮೊದಲನೆಯ ಖಾಲಿ ಜಾಗ. ಇದಕ್ಕೆ ನನಗೆ ದಾರಿ ತೋರಿಸಿದವಳು ಅಕ್ಕನ ಮಗಳು, ಎಂಟು ವರ್ಷದವಳು. ಸಂಜೆ ಸೊಳ್ಳೆ ಬ್ಯಾಟ್ ಆಡಿಸುತ್ತಿದ್ದಳು. ಗುಂಡಿ ಬಿಟ್ಟು ಕೆಳಗಿಟ್ಟಳು. ಜಾಲರಿಗೆ ಅಂಟಿದ ಸೊಳ್ಳೆಯನ್ನು ತೆಗೆಯಲು ಬೆರಳು ಹಾಕಿದಳು. ಚಟ್ ಅಂತು. ಅಳಲಿಲ್ಲ, ಬೆರಳನ್ನು ಬಾಯಲ್ಲಿಟ್ಟುಕೊಂಡು ಬ್ಯಾಟನ್ನೇ ನೋಡುತ್ತಾ ನಿಂತಳು. ಆಮೇಲೆ, "ಮಾಮಾ, ಆಫ್ ಮಾಡಿದ್ರೂ ಅದರೊಳಗೆ ಉಳ್ಕೊಂಡಿತ್ತು" ಅಂದಳು. ಬ್ಯಾಟಿನಲ್ಲೂ ಇರೋದು ಅಂಥದ್ದೇ ಪುಟ್ಟ ಕಂಡೆನ್ಸರ್. ಉಳ್ಕೊಂಡಿತ್ತು. ಎಷ್ಟು ಸರಿಯಾದ ಮಾತು!

ಹಾಗಾದರೆ "ಉಳಿದ ಕರೆಂಟ್" ಅನ್ನಬಹುದೇ? "ಉಳಿಕೆ ಕರೆಂಟ್"? ಒಬ್ಬ ಸ್ನೇಹಿತರು "ತಂಗಳು ಕರೆಂಟ್" ಅಂತ ಸೂಚಿಸಿದರು, ತಂಗಳನ್ನದ ಹಾಗೆ. ಕೇಳಲು ಚೆನ್ನಾಗಿದೆ. ಆದರೆ ತಂಗಳು ಅಂದಾಗ ತಣ್ಣಗಾದದ್ದು, ಸತ್ವ ಕಳೆದದ್ದು ಅನ್ನುವ ಭಾವ ಬರುತ್ತದೆ. ಉಳಿಕೆ ಅಂದರೂ ಅಷ್ಟೇ, ಅಲ್ಪಸ್ವಲ್ಪ ಮಿಕ್ಕದ್ದು ಅನ್ನಿಸುತ್ತದೆ. ಇಲ್ಲಿ ಮಿಕ್ಕಿರುವುದು ಗೋಡೆಯ ಪ್ಲಗ್ಗಿನಲ್ಲಿ ಬಂದದ್ದರ ಹತ್ತು ಪಟ್ಟು ವೋಲ್ಟೇಜು. ಪದ ಅದನ್ನು ಚಿಕ್ಕದು ಮಾಡಬಾರದು. ನನ್ನ ಮನಸ್ಸು ವಾಲಿರೋದು "ಒಳಗೆ ನಿಂತ ಕರೆಂಟ್" ಅನ್ನುವ ಕಡೆ. ನಿಂತ ನೀರು, ಕಟ್ಟೆಯಲ್ಲಿ ನಿಂತ ನೀರು ಅನ್ನುತ್ತೇವಲ್ಲ, ಹಾಗೆ. ಕಾಲುವೆ ಮುಚ್ಚಿದರೂ ಕೆರೆ ತುಂಬಿರುತ್ತದೆ ಅನ್ನೋದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ಭೌತಶಾಸ್ತ್ರದ ಮೇಷ್ಟ್ರೊಬ್ಬರು ತಕರಾರು ತೆಗೆದರು. ಕರೆಂಟ್ ಅಂದರೇ ಹರಿವು, ನಿಂತರೆ ಅದು ಕರೆಂಟ್ ಅಲ್ಲ, ಆವೇಶ ಅನ್ನಬೇಕು ಅಂದರು. ಇಂಗ್ಲಿಷಿನ ಮಟ್ಟಿಗೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಕನ್ನಡಕ್ಕೆ ಬಂದ ಮೇಲೆ ಆ ಪದದ ಅರ್ಥ ಅಗಲವಾಗಿದೆ. ಕರೆಂಟ್ ಕಂಬ, ಕರೆಂಟ್ ಬಿಲ್, ಕರೆಂಟ್ ಆಫೀಸು ಅನ್ನುವಾಗ ನಾವು ಹರಿವಿನ ಮಾತಾಡುತ್ತಿಲ್ಲ, ಇಡೀ ವಿದ್ಯುತ್ತನ್ನೇ ಹಾಗೆ ಕರೆಯುತ್ತೇವೆ. ಇನ್ನು ಆವೇಶ ಅಂದರೆ ಗುಜರಿ ಅಂಗಡಿಯ ಹುಡುಗನಿಗೆ ಮೈಮೇಲೆ ದೇವರು ಬರುವುದು ನೆನಪಾಗುತ್ತದೆ. ಪರೀಕ್ಷೆಯಲ್ಲಿ ಆವೇಶ ಬರೆಯಲಿ, ಬೇಡ ಅನ್ನುವುದಿಲ್ಲ. ಕರಪತ್ರದಲ್ಲಿ ಕರೆಂಟೇ ಇರಲಿ ಅನ್ನೋದು ನನ್ನ ನಿಲುವು.

ಅಂದಹಾಗೆ ಕಂಡೆನ್ಸರ್ ಅನ್ನುವ ಪದವೂ ಸಲೀಸಲ್ಲ. ಫ್ಯಾನ್ ತಿರುಗದಿದ್ದರೆ "ಕಂಡೆನ್ಸರ್ ಹೋಗಿದೆ" ಅನ್ನುತ್ತಾರೆ, ಅದು ನಮಗೆ ಬೇಕಾದದ್ದೇ. ಆದರೆ ಫ್ರಿಜ್ ಮೆಕ್ಯಾನಿಕ್‌ಗೆ ಕಂಡೆನ್ಸರ್ ಅಂದರೆ ಹಿಂಬದಿಯ ಕಪ್ಪು ಕೊಳವೆಯ ಜಾಲರಿ, ಗ್ಯಾಸ್ ತಣಿಯುವ ಜಾಗ. ಏಸಿಯ ಹೊರಗಿನ ಪೆಟ್ಟಿಗೆಯಲ್ಲಂತೂ ಎರಡೂ ಒಟ್ಟಿಗೇ ಇರುತ್ತವೆ. ಧಾರಕ, ಸಂಧಾರಕ ಅಂತ ಬರೆದರೆ ಅಂಗಡಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಸದ್ಯಕ್ಕೆ "ಕಂಡೆನ್ಸರ್ ಡಬ್ಬಿ" ಅಂತ ಹಾಕಿ ಪಕ್ಕದಲ್ಲಿ ಚಿತ್ರ ಬರೆಸಿದ್ದೇನೆ. ಮೊಟ್ಟಮೊದಲ ಕಂಡೆನ್ಸರ್ ಕೂಡ ಒಂದು ಗಾಜಿನ ಜಾಡಿಯೇ ತಾನೇ? 1746ರಲ್ಲಿ ನೆದರ್‌ಲೆಂಡ್ಸ್‌ನ ಲೈಡನ್ ಊರಿನ ವಿಜ್ಞಾನಿ ಮಸೆನ್‌ಬ್ರೂಕ್ ಅದರಿಂದ ಹೊಡೆತ ತಿಂದು, ಇಡೀ ಫ್ರಾನ್ಸ್ ರಾಜ್ಯ ಕೊಟ್ಟರೂ ಇನ್ನೊಮ್ಮೆ ಮುಟ್ಟೋದಿಲ್ಲ ಅಂತ ಬರೆದಿದ್ದ.

ಎರಡನೆಯ ಜಾಗವೇ ಕಷ್ಟದ್ದು. ಪಠ್ಯಪುಸ್ತಕದ ಪದ ವಿಸರ್ಜನೆ. ಗಣೇಶನನ್ನು ವಿಸರ್ಜಿಸುತ್ತೇವೆ, ವಿಧಾನಸಭೆಯನ್ನು ವಿಸರ್ಜಿಸುತ್ತಾರೆ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದವನಿಗೆ ಅದರಿಂದ ಏನು ಮಾಡಬೇಕು ಅಂತ ಹೊಳೆಯುವುದಿಲ್ಲ. ಡಿಸ್ಚಾರ್ಜ್ ಅಂತಲೇ ಇಟ್ಟರೆ? ಫೋನಿನ ಬ್ಯಾಟರಿ ಡಿಸ್ಚಾರ್ಜ್ ಆಗುತ್ತದೆ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುತ್ತಾರೆ. ಎರಡರಲ್ಲೂ ಅದು ತಾನಾಗಿ ಆಗುವಂಥದ್ದು. ನಾವು ಕೂತು ಮಾಡಬೇಕಾದ ಕೆಲಸ ಅಂತ ಕೇಳಿಸುವುದಿಲ್ಲ. ಮೆಕ್ಯಾನಿಕ್‌ಗಳು "ಶಾರ್ಟ್ ಮಾಡು" ಅನ್ನುತ್ತಾರೆ. ಅದು ಕೆಲಸವನ್ನು ಸರಿಯಾಗಿ ಹೇಳುತ್ತದೆ, ಆದರೆ ಮನೆಯಲ್ಲಿ ಶಾರ್ಟ್ ಆಯಿತು ಅಂದರೆ ಬೆಂಕಿ ಅಂತಲೇ ಅರ್ಥ. ಹೊಸಬರು ಹೆದರುತ್ತಾರೆ.

ನಮ್ಮ ಮಾತಿನಲ್ಲೇ ಹುಡುಕಿದಾಗ ಮೂರು ಸಿಕ್ಕವು. ಇಳಿಸು, ಇಂಗಿಸು, ಬಸಿ.

"ಚಾರ್ಜ್ ಇಳೀತು" ಅಂತ ಹೇಗೂ ಅನ್ನುತ್ತೇವೆ, ಹಾಗಾಗಿ ಇಳಿಸು ಸಲೀಸು. ಆದರೆ ಇಳಿಸುವುದು ಅರ್ಧಕ್ಕೂ ನಿಲ್ಲಬಹುದು. ಬೆಲೆ ಇಳಿಸಿದ ಮಾತ್ರಕ್ಕೆ ಪುಕ್ಕಟೆ ಆಗುವುದಿಲ್ಲ. ಇಂಗಿಸು ನನಗೆ ತುಂಬಾ ಇಷ್ಟವಾಯಿತು. ಇಂಗುಗುಂಡಿ ಎಲ್ಲರಿಗೂ ಗೊತ್ತು, ನೀರು ಸದ್ದಿಲ್ಲದೆ ನೆಲಕ್ಕೆ ಹೋಗುತ್ತದೆ. ಡಬ್ಬಿಯೊಳಗಿನ ಆ ರೆಸಿಸ್ಟರ್ ಮಾಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಅದೇ ಕಾರಣಕ್ಕೆ ನಾವು ಮಾಡುವ ಕೆಲಸಕ್ಕೆ ಒಗ್ಗುವುದಿಲ್ಲ. ಇಂಗುವುದಕ್ಕೆ ಕಾಯಬೇಕು.

ಬಸಿ ಅಂದರೆ ಅನ್ನ ಬಸಿದ ಹಾಗೆ. ಪಾತ್ರೆ ಬಗ್ಗಿಸಿ, ಕೊನೆಯ ಹನಿ ಗಂಜಿ ಇಳಿಯುವ ತನಕ ಹಿಡಿದಿರುತ್ತೇವೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುತ್ತಾರೆ, ಬುಡದಲ್ಲಿ ನೀರು ನಿಲ್ಲಬಾರದು ಅಂತ. ಬೇಕಂತ ಮಾಡುವ ಕೆಲಸ, ಪೂರ್ತಿ ಮುಗಿಸುವ ಕೆಲಸ. "ಕರೆಂಟ್ ಬಸಿದು ಆಮೇಲೆ ಕೈ ಹಾಕಿ." ನನ್ನ ಕಿವಿಗೆ ಇದು ಸರಿ ಅನ್ನಿಸುತ್ತಿದೆ. ಒಂದೇ ಅಳುಕು: ಉತ್ತರ ಕರ್ನಾಟಕದಲ್ಲಿ ಬಸಿ ಅಂದರೆ ಕಪ್ಪಿನ ಕೆಳಗಿಡುವ ತಟ್ಟೆ. ಆ ಕಡೆಯವರು ದಯವಿಟ್ಟು ಹೇಳಿ. ಕ್ರಿಯಾಪದವಾಗಿ ಬಂದಾಗಲೂ ಗೊಂದಲ ಆಗುತ್ತದೆಯೇ?

ಬಸಿ ಹಿಡಿಸಲು ಇನ್ನೊಂದು ಕಾರಣವಿದೆ. ಕಂಡೆನ್ಸರನ್ನು ಒಮ್ಮೆ ಬರಿದು ಮಾಡಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಎರಡು ತುದಿಯ ನಡುವೆ ಮತ್ತೆ ಒಂದಿಷ್ಟು ವೋಲ್ಟೇಜ್ ತಲೆ ಎತ್ತುತ್ತದೆ. ಒಳಗಿನ ಪದರ ಹೀರಿಕೊಂಡಿದ್ದು ಹೊರಗೆ ಬರುವುದು ಅದು. ಬೇಸಿಗೆಯಲ್ಲಿ ಹೊಳೆಯ ಮರಳು ತೋಡಿ ನೀರು ಮೊಗೆದರೆ ಮತ್ತೆ ಒಸರುತ್ತದಲ್ಲ, ಒರತೆ, ಥೇಟ್ ಅದೇ. ಹಾಗಾಗಿ ಕರಪತ್ರದಲ್ಲಿ "ಎರಡು ಸಲ ಬಸಿಯಿರಿ, ಆಮೇಲೆ ಎರಡು ತುದಿಯನ್ನೂ ಒಂದೇ ವೈರಿನ ತುಂಡಿನಿಂದ ಸೇರಿಸಿ ಕಟ್ಟಿಬಿಡಿ" ಅಂತ ಬರೆದಿದ್ದೇನೆ. ಬಸಿಯುವ ಬಗೆಯೂ ಇದೆ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಬೇಕು. ಉಂಗುರ, ಗಡಿಯಾರ ಬಿಚ್ಚಿಡಬೇಕು. ಒಂದು ಕೈಯನ್ನು ಬೆನ್ನ ಹಿಂದೆ ಇಡಬೇಕು. ಹಿಡಿಕೆಗೆ ಒಳ್ಳೆಯ ಪ್ಲಾಸ್ಟಿಕ್ ಇರುವ ಉದ್ದನೆಯ ಸ್ಕ್ರೂಡ್ರೈವರಿನಿಂದ ಎರಡು ತುದಿಯನ್ನೂ ಒಟ್ಟಿಗೆ ಮುಟ್ಟಿಸಿ, ಆಮೇಲೆ ಒಂದೊಂದೇ ತುದಿಯನ್ನು ಓವನ್ನಿನ ತಗಡಿನ ಮೈಗೆ ಮುಟ್ಟಿಸಬೇಕು. ಹೆಚ್ಚು ವೋಲ್ಟೇಜ್ ತಾಳುವ ರೆಸಿಸ್ಟರ್ ಸೇರಿಸಿದ ವೈರ್ ಇದ್ದರೆ ಇನ್ನೂ ಒಳ್ಳೆಯದು, ಕಿಡಿ ಹಾರುವುದಿಲ್ಲ. ಹತ್ತಿರದಲ್ಲಿ ಇನ್ನೊಬ್ಬರು ಇರಲೇಬೇಕು. ಕಲಿತವರ ಜೊತೆ ಮಾಡಿ ಅಭ್ಯಾಸ ಇಲ್ಲದವರು ಮುಚ್ಚಳವನ್ನೇ ಬಿಚ್ಚಬಾರದು.

ಟೆಸ್ಟರ್ ಬಗ್ಗೆಯೂ ಒಂದು ಸಾಲು ಸೇರಿಸಬೇಕಾಯಿತು. "ಟೆಸ್ಟರ್ ಉರಿಯಲಿಲ್ಲ, ಕರೆಂಟ್ ಇಲ್ಲ" ಅನ್ನೋದು ನಮ್ಮಲ್ಲಿ ವೇದವಾಕ್ಯ. ಆ ಟೆಸ್ಟರ್ ಗೋಡೆಯ ಲೈನಿಗೆ ಮಾಡಿದ್ದು. ಕಂಡೆನ್ಸರಿನಲ್ಲಿ ನಿಂತದ್ದನ್ನು ಅದು ನಂಬುವ ಹಾಗೆ ತೋರಿಸುವುದಿಲ್ಲ, ಅಷ್ಟು ವೋಲ್ಟೇಜನ್ನು ತಡೆಯುವುದೂ ಇಲ್ಲ. ಸಾಮಾನ್ಯ ಮಲ್ಟಿಮೀಟರ್ ಕೂಡ 600 ಅಥವಾ 1,000 ವೋಲ್ಟಿನ ತನಕ ಮಾತ್ರ.

ಕರಡು ತಿದ್ದಿದವರು ಇನ್ನೊಂದು ತೊಡಕು ತೋರಿಸಿದರು. ಮೊದಲು ನಾನು "ಬಾಡಿಗೆ ಅರ್ಥ್ ಮಾಡಿ" ಅಂತ ಬರೆದಿದ್ದೆ. ಅಚ್ಚಿನಲ್ಲಿ ಥ್ ಹೋಗಿ ಥ ಆಗಿತ್ತು: "ಬಾಡಿಗೆ ಅರ್ಥ ಮಾಡಿ". ಓದಿದವರಿಗೆ ಮನೆ ಬಾಡಿಗೆ ನೆನಪಾದರೆ ಅವರ ತಪ್ಪೇ? ಅದಕ್ಕೇ "ತಗಡಿನ ಮೈಗೆ ಮುಟ್ಟಿಸಿ" ಅಂತ ಬದಲಾಯಿಸಿದೆ. ಅಪಾಯದ ಜಾಗದಲ್ಲಿ ಒಂದು ಅಕ್ಷರವೂ ಅಡ್ಡ ಬರಬಾರದು.

ಹೊಡೆತದ ಕ್ರಿಯಾಪದಗಳ ಬಗ್ಗೆಯೂ ನಿಮ್ಮ ಅನುಭವ ಬೇಕು. ಕರೆಂಟ್ ಹೊಡೆಯಿತು, ಹಿಡ್ಕೊಂತು, ಎಳ್ಕೊಂತು, ಒದೆಯಿತು. ನಾಲ್ಕನ್ನೂ ಕೇಳಿದ್ದೇನೆ, ನಾಲ್ಕೂ ಒಂದೇ ಅಲ್ಲ. ಗೋಡೆಯ ಕರೆಂಟ್ ಹಿಡಿದುಕೊಳ್ಳುತ್ತದೆ, ಯಾಕಂದರೆ ಕೈಯ ಸ್ನಾಯು ಬಿಗಿದು ಬೆರಳು ಬಿಚ್ಚುವುದಿಲ್ಲ. ಅದನ್ನೇ ನಾವು ಎಳೆಯಿತು ಅನ್ನುತ್ತೇವೆ, ಕರೆಂಟಿಗೆ ಎಳೆಯುವ ಗುಣ ಇಲ್ಲ. ಕಂಡೆನ್ಸರ್ ಒದೆಯುತ್ತದೆ. ಒಂದೇ ಏಟು. ಕೈ ಹಿಂದಕ್ಕೆ ಚಿಮ್ಮಿ ತಗಡಿನ ಅಂಚಿಗೆ ಬಡಿದು ಹರಿಯುತ್ತದೆ. ಈ ವ್ಯತ್ಯಾಸ ಜೀವ ಉಳಿಸುವಾಗ ಲೆಕ್ಕಕ್ಕೆ ಬರುತ್ತದೆ. "ಹಿಡ್ಕೊಂಡಿದೆ" ಅಂತ ಕೂಗಿದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು, ಮನುಷ್ಯನನ್ನು ಮುಟ್ಟಬಾರದು. ಇನ್ನು ಓವನ್ ಚಾಲೂ ಇರುವಾಗ ಮುಚ್ಚಳ ತೆಗೆಯುವ ಮಾತೇ ಬೇಡ. ಆಗ ಆ ಟ್ರಾನ್ಸ್‌ಫಾರ್ಮರ್ ಒದ್ದು ಬಿಡುವುದಿಲ್ಲ, ಕೊಲ್ಲುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಲೈನ್‌ಮ್ಯಾನ್ ಯಾರಾದರೂ ಇದ್ದರೆ ಕೇಳಿ ನೋಡಿ. "ಎಲ್‌ಸಿ ತಗೊಂಡಿದ್ದೀವಿ" (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿಸಿ ಕೆಲಸಕ್ಕೆ ಒಪ್ಪಿಗೆ ಪಡೆದದ್ದು) ಅಂದ ಮೇಲೂ ಅವರು ಕಂಬ ಹತ್ತುವ ಮೊದಲು ತಂತಿಗೆ ಅರ್ಥ್ ರಾಡ್ ಹಾಕುತ್ತಾರೆ. ಲೈನ್ ಬಂದಾದರೂ ಅದರಲ್ಲಿ ಏನೋ ಉಳಿದಿರಬಹುದು ಅನ್ನುವ ತಿಳಿವಳಿಕೆ ಅವರಿಗೆ ಬಹಳ ಹಿಂದಿನಿಂದ ಇದೆ. ಆ ಉಳಿದದ್ದಕ್ಕೆ, ಅದನ್ನು ತೆಗೆಯುವುದಕ್ಕೆ ಅವರು ತಮ್ಮತಮ್ಮಲ್ಲಿ ಯಾವ ಮಾತು ಆಡುತ್ತಾರೆ? ಅದು ಸಿಕ್ಕರೆ ನನ್ನ ಬಸಿಯನ್ನು ಬಿಟ್ಟು ಅದನ್ನೇ ಹಾಕುತ್ತೇನೆ. ಮುಂದಿನ ಸೋಮವಾರ ಕರಪತ್ರ ಅಚ್ಚಿಗೆ ಹೋಗುತ್ತದೆ.