ಯಾರ ಮನೆ ಮೂಳೆ ಇದು?

(ಅಮೆರಿಕದ ವಾಷಿಂಗ್ಟನ್ ರಾಜ್ಯದ ಇಸಾಕ್ವಾ ಊರು. ಒಂದು ಬಡಾವಣೆಯ ಕನ್ನಡಿಗರ ಚಾಟ್ ಗುಂಪು. 2025ರ ಏಪ್ರಿಲ್ 1, ಮಂಗಳವಾರ.)

ಸುಮಾ (ಬೆಳಗ್ಗೆ 5:52): ನಾನು ಈ ಗುಂಪಿನಲ್ಲಿ ಯಾವತ್ತೂ ಜೋರು ಮಾತಾಡಿದವಳಲ್ಲ. ಇವತ್ತು ಮಾತಾಡುತ್ತೇನೆ. ರಾತ್ರಿ 2:40ಕ್ಕೆ ಧಡ್ ಅಂತ ಸದ್ದು. ಕಿಟಕಿಯಿಂದ ನೋಡಿದರೆ ನಮ್ಮ ಡ್ರೈವ್‌ವೇಯಲ್ಲಿ ಕರಡಿ. ಬಿನ್ ಮಗುಚಿ, ಅದರ ಮೇಲೆ ಒಂದು ಮುಂಗಾಲು ಊರಿಕೊಂಡು, ಇನ್ನೊಂದರಲ್ಲಿ ಚೀಲವನ್ನು ಸಮಾಧಾನವಾಗಿ ಸೀಳುತ್ತಿತ್ತು. ಅರ್ಧ ಗಂಟೆ! ಮಗಳು ಅತ್ತೂ ಅತ್ತೂ ಈಗ ಮಲಗಿದ್ದಾಳೆ, ನಾನು ಟಾರ್ಚ್ ಹಿಡಿದು ಗುಡಿಸುತ್ತಿದ್ದೇನೆ. ಒಬ್ಬಟ್ಟಿನ ಚೂರು, ಮಾವಿನ ಸಿಪ್ಪೆ ನಮ್ಮದೇ, ಒಪ್ಪಿಕೊಂಡೆ. ಆದರೆ ಈ ಮೂಳೆ ಯಾರ ಮನೆಯದು? ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ತರುವುದಿಲ್ಲ. ಕೆರೆ ಮೂಲೆಯಿಂದ ನಮ್ಮ ಗೇಟಿನವರೆಗೆ ಸಾಲಾಗಿ ಬಿದ್ದಿವೆ. ಹೋದ ವರ್ಷವೂ ಇದೇ ಆಗಿತ್ತು, ಆಗಲೂ ಎಲ್ಲರೂ "ನೋಡೋಣ" ಅಂದಿರಿ.

ನವೀನ್ (6:14): ಇವತ್ತು ಏಪ್ರಿಲ್ 1. ಫೂಲ್ ಮಾಡುತ್ತಿಲ್ಲ ತಾನೇ ಸುಮಾ ಅವರೇ?

ಸುಮಾ (6:15): ಪೊರಕೆ ಕೊಡುತ್ತೇನೆ, ಬಂದು ನೋಡಿ.

ರಘು (6:31): ಮೂಳೆ ನಮ್ಮದೇ ಇರಬೇಕು, ಕ್ಷಮಿಸಿ ಅಕ್ಕ. ನಿನ್ನೆ ಹೊಸತೊಡಕು ಅಲ್ವಾ. ಮಂಡ್ಯದವರ ಮನೆಯಲ್ಲಿ ಹೊಸತೊಡಕಿನ ಮಾರನೇ ದಿನ ಬಿನ್‌ನಲ್ಲಿ ಇನ್ನೇನು ಸಿಗುತ್ತದೆ? ಆದರೆ ನಾನು ಚೀಲಕ್ಕೆ ಎರಡು ಗಂಟು ಹಾಕಿ, ಮುಚ್ಚಳದ ಮೇಲೆ ಇಟ್ಟಿಗೆ ಇಟ್ಟಿದ್ದೆ.

ದೀಪಾ (6:40): ಇಟ್ಟಿಗೆ! ರಘು, ಕಸದ ಗಾಡಿ ಬರುವುದು ಬುಧವಾರ. ಸೋಮವಾರ ರಾತ್ರಿಯೇ ಬಿನ್ ಹೊರಗೆ ಯಾಕೆ ಇತ್ತು?

ರಘು (6:42): ಎರಡು ದಿನ ಗ್ಯಾರೇಜ್‌ನಲ್ಲಿ ಇಟ್ಟರೆ ಆ ವಾಸನೆಗೆ ನನ್ನ ಹೆಂಡತಿ ನನ್ನನ್ನೇ ಹೊರಗೆ ಇಡುತ್ತಾಳೆ.

ಶ್ರೀನಿವಾಸಮೂರ್ತಿ ಅಂಕಲ್ (6:55): [ಫಾರ್ವರ್ಡ್] ಶುಭೋದಯ 🌸 ಬರಿಹೊಟ್ಟೆಯಲ್ಲಿ ಬೇವಿನ ಚಿಗುರು ತಿನ್ನುವವರಿಗೆ ವೈದ್ಯರೇ ಬೇಡ. 10 ಜನರಿಗೆ ಕಳಿಸಿ.

ಚಂಗಪ್ಪ (7:05): ಮೂಳೆ ಯಾರದು ಅಂತ ಹುಡುಕುವುದು ಬಿಡಿ. ಕರಡಿಗೆ ಮನುಷ್ಯನ ಹೆದರಿಕೆ ಯಾಕೆ ಹೋಯಿತು ಅಂತ ಕೇಳಿ. ನಾನು 14 ವರ್ಷದಿಂದ ಈ ರಾಜ್ಯದಲ್ಲಿ ಬೇಟೆ ಲೈಸೆನ್ಸ್ ಇಟ್ಟುಕೊಂಡಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ. ವಾಷಿಂಗ್ಟನ್ ರಾಜ್ಯದಲ್ಲಿ ಮೀನು ಮತ್ತು ವನ್ಯಜೀವಿ ಆಯೋಗ ಅಂತ ಇದೆ. 9 ಜನ. ಕ್ಯಾಸ್ಕೇಡ್ ಬೆಟ್ಟದ ಪೂರ್ವದಿಂದ 3, ಪಶ್ಚಿಮದಿಂದ 3, ಉಳಿದ 3 ಎಲ್ಲಿಂದಾದರೂ. ಗವರ್ನರ್ ನೇಮಿಸಬೇಕು, ಸೆನೆಟ್ ಒಪ್ಪಬೇಕು, ಅವಧಿ 6 ವರ್ಷ. ಯಾವ ಪ್ರಾಣಿಯನ್ನು, ಯಾವಾಗ, ಎಷ್ಟು ಹೊಡೆಯಬಹುದು ಅಂತ ತೀರ್ಮಾನಿಸುವುದು ಇವರೇ. 2021ರ ನವೆಂಬರ್‌ನಲ್ಲಿ ಒಂದು ಕುರ್ಚಿ ಖಾಲಿ ಇತ್ತು. 8 ಜನ ಓಟು ಹಾಕಿದರು, 4-4. ಸಮ ಆದರೆ ಪ್ರಸ್ತಾಪ ಬಿದ್ದ ಹಾಗೆ, 2022ರ ವಸಂತದ ಕರಡಿ ಬೇಟೆ ಹೋಯಿತು. ಆಮೇಲೆ ಹೊಸ ಮುಖಗಳು ಬಂದವು, 2022ರ ನವೆಂಬರ್‌ನಲ್ಲಿ 5-4ರಿಂದ ವಸಂತದ ಬೇಟೆಯನ್ನೇ ತೆಗೆದುಹಾಕಿದರು. ವನ್ಯಜೀವಿ ಇಲಾಖೆಯ ಸಿಬ್ಬಂದಿಯೇ ನಡೆಸಬಹುದು ಅಂದಿದ್ದ ಬೇಟೆ ಅದು! ಒಂದೇ ಒಂದು ಕುರ್ಚಿಯ ಆಟ. ಅದಕ್ಕೇ ನಮ್ಮಂಥವರು ನೇಮಕ ಅಂದರೆ ಎದ್ದು ಕೂರುವುದು.

ಸುಮಾ (7:09): ಸರ್, ನನ್ನ ಬಿನ್ ಮುಚ್ಚಳ ಮುರಿದಿದೆ.

ಚಂಗಪ್ಪ (7:10): ಅಲ್ಲಿಗೇ ಬರುತ್ತಿದ್ದೇನೆ.

ನವೀನ್ (7:12): ಒಂದು ಕಡೆ ಕೂಗರ್ (ಇಲ್ಲಿನ ಚಿರತೆಯಂಥ ಪ್ರಾಣಿ) ಮೌಂಟನ್, ಇನ್ನೊಂದು ಕಡೆ ಟೈಗರ್ ಮೌಂಟನ್. ಕರಡಿ ಹೆಸರಲ್ಲಿ ಒಂದು ಗುಡ್ಡವೂ ಇಲ್ಲ ಅಂತ ಅದಕ್ಕೆ ಬೇಜಾರಾಗಿರಬೇಕು. ಹೆಸರು ನೋಂದಾಯಿಸಲು ಬಂದಿದೆ.

ದೀಪಾ (7:20): ಚಂಗಪ್ಪ ಸರ್, ಒಂದು ವಿಷಯ ಬಿಟ್ಟಿರಿ. ವಸಂತದ ಬೇಟೆ ಲಾಟರಿ ಪರ್ಮಿಟ್‌ನದು, ಕೆಲವೇ ನೂರು ಪರ್ಮಿಟ್, ಗೊತ್ತುಮಾಡಿದ ಕೆಲವು ಕಾಡುಗಳಲ್ಲಿ ಮಾತ್ರ. ಇಸಾಕ್ವಾದ ಡ್ರೈವ್‌ವೇಯಲ್ಲಿ ಅಲ್ಲ. ಅದು ಇದ್ದಾಗಲೂ ನಮ್ಮ ಬಿನ್ ಮಗುಚುತ್ತಿತ್ತು, 2019ರಲ್ಲಿ ಕಿರಣ್ ಮನೆಯ ಗ್ಯಾರೇಜ್ ಫ್ರಿಜ್ ನೆನಪಿದೆಯಾ? ವಸಂತದಲ್ಲಿ ಮರಿ ಇರುವ ತಾಯಿಯನ್ನು ಗೊತ್ತಿಲ್ಲದೆ ಹೊಡೆದುಬಿಟ್ಟರೆ ಮರಿಗಳ ಕಥೆ ಮುಗಿಯಿತು, ಅದಕ್ಕೇ ಜನ ವಿರೋಧಿಸಿದ್ದು. ಆಗಸ್ಟ್ 1ರಿಂದ ನವೆಂಬರ್ 15ರವರೆಗೆ ಕರಡಿ ಬೇಟೆ ಈಗಲೂ ಇದೆ. ಯಾರೂ ನಿಮ್ಮ ಕೈ ಕಟ್ಟಿಲ್ಲ.

ಚಂಗಪ್ಪ (7:31): ಕೈ ಕಟ್ಟಿದ್ದು 1996ರಲ್ಲೇ, ಇನಿಶಿಯೇಟಿವ್ 655. ನಾಯಿ ಛೂ ಬಿಟ್ಟು ಕರಡಿ, ಕೂಗರ್ ಬೇಟೆ ಆಡುವುದು ಬಂದ್. ಕರಡಿಗೆ ಆಮಿಷ ಇಡುವುದೂ ಬಂದ್. ಅದು ಜನರ ಓಟು, ಸರಿ, ಒಪ್ಪಿದೆ. ಆದರೆ ಆಯೋಗಕ್ಕೆ ಜನ ಓಟು ಹಾಕುವುದಿಲ್ಲ. ಈ ಜನವರಿಯಲ್ಲಿ ಏನಾಯಿತು? ಹಿಂದಿನ ಗವರ್ನರ್ ಇನ್‌ಸ್ಲೀ ಕುರ್ಚಿ ಬಿಡುವ ಹೊತ್ತಿಗೆ ಇಬ್ಬರನ್ನು ಆಯೋಗಕ್ಕೆ ನೇಮಿಸಿ ಹೋದರು. ಸೆನೆಟ್ ಒಪ್ಪುವ ಮುಂಚೆಯೇ ಹೊಸ ಗವರ್ನರ್ ಫರ್ಗುಸನ್ ಬಂದು ಅದನ್ನು ವಾಪಸ್ ತೆಗೆದುಕೊಂಡರು. ನಮ್ಮವರು ಕುಣಿದಾಡಿದರು, ನಾನು ಕುಣಿಯಲಿಲ್ಲ. ಇವತ್ತು ಇವರು ತೆಗೆದರು, ನಾಳೆ ಬಂದವರು ಇನ್ನೊಬ್ಬರನ್ನು ತೆಗೆಯುತ್ತಾರೆ. ಕಾಡು ನೋಡಿಕೊಳ್ಳುವ ಕೆಲಸ ಏನು ಗ್ರಾಮ ಪಂಚಾಯಿತಿ ಅಧ್ಯಕ್ಷಗಿರಿಯಾ, ಎರಡೂವರೆ ವರ್ಷ ನಿನಗೆ, ಎರಡೂವರೆ ವರ್ಷ ನನಗೆ ಅನ್ನಲು? ದುಡ್ಡು ಕಟ್ಟುವವರು ನಾವು. 1937ರಿಂದ ಉದ್ದ ಕೋವಿ, ಕಾಡತೂಸಿನ ಮೇಲಿನ ಫೆಡರಲ್ ತೆರಿಗೆ, ಈಗ 11%, ವನ್ಯಜೀವಿಗೇ ಹೋಗುತ್ತದೆ. ಲೈಸೆನ್ಸ್ ಫೀಸು ಬೇರೆ.

ದೀಪಾ (7:38): ನನ್ನ ತೆರಿಗೆಯೂ ಆ ಇಲಾಖೆಗೆ ಹೋಗುತ್ತದೆ ಸರ್, ರಾಜ್ಯದ ಸಾಮಾನ್ಯ ಬೊಕ್ಕಸದಿಂದ. ಬೇಟೆ ಆಡದವರಿಗೂ ಕಾಡು ಸೇರಿದ್ದೇ. ಕಾನೂನಿನಲ್ಲೇ ಇದೆ, ನೇಮಕ ಮಾಡುವಾಗ ಬೇಟೆಗಾರರು, ಮೀನು ಹಿಡಿಯುವವರು, ಜಮೀನಿನವರು, ಪರಿಸರದವರು ಎಲ್ಲರ ಕಡೆಯವರೂ ಇರುವ ಹಾಗೆ ನೋಡಬೇಕು ಅಂತ.

ಚಂಗಪ್ಪ (7:39): ಅದೇ ಸಾಲನ್ನೇ ನಾನೂ ಹೇಳುತ್ತಿರುವುದು!

ದೀಪಾ (7:39): ಗೊತ್ತು, ಇಬ್ಬರೂ ಅದೇ ಸಾಲು ಹಿಡಿದುಕೊಂಡೇ ಜಗಳ ಆಡುತ್ತಿದ್ದೇವೆ.

ರಘು (7:45): ಕೊಡಗಿನವರಿಗೆ ಕೋವಿಗೆ ಲೈಸೆನ್ಸೇ ಬೇಡವಂತೆ. ಸರ್ ಅಲ್ಲೇ ಇದ್ದಿದ್ದರೆ ಇಷ್ಟು ತಲೆನೋವು ಇರುತ್ತಿರಲಿಲ್ಲ 😄

ಚಂಗಪ್ಪ (7:58): ಎಲ್ಲರೂ ಇದನ್ನೇ ಅನ್ನುತ್ತಾರೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಲ್ಲಿ ಬೇಟೆ ಮುಗಿಯಿತು. ನಮ್ಮಜ್ಜ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ಬಾಯಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡಿ, ಮಧ್ಯಾಹ್ನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಿದ್ದರು. ಮಾರನೇ ದಿನ ಅದೇ ಅಜ್ಜನ ಗದ್ದೆಯನ್ನು ಕಾಡುಹಂದಿ ಉಳುತ್ತಿತ್ತು, ಅಜ್ಜ ತಗಡು ಬಡಿಯುತ್ತಿದ್ದರು. ಆ ತಗಡಿನ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅದಕ್ಕೇ ಹೇಳುವುದು, ನೆಲದಲ್ಲಿ ಕಾಲಿಟ್ಟವನು ಒಬ್ಬನಾದರೂ ಆ ಮೇಜಿನ ಮುಂದೆ ಇರಲಿ.

ಶ್ರೀನಿವಾಸಮೂರ್ತಿ ಅಂಕಲ್ (8:04): ನಮ್ಮಲ್ಲಿ ರಾಜ್ಯ ವನ್ಯಜೀವಿ ಮಂಡಳಿಗೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಈ ಗೊಂದಲವೇ ಇಲ್ಲ.

ಚಂಗಪ್ಪ (8:05): ಹೌದು ಅಂಕಲ್, ಅದಕ್ಕೇ ಹಂದಿಗೂ ಗೊಂದಲ ಇಲ್ಲ.

ಶ್ರೀನಿವಾಸಮೂರ್ತಿ ಅಂಕಲ್ (8:07): [ಫಾರ್ವರ್ಡ್] ಮೈಸೂರಿನ ಬಡಾವಣೆಯಲ್ಲಿ ಚಿರತೆ!! ವಿಡಿಯೋ ನೋಡಿ.

ನವೀನ್ (8:08): ಅಂಕಲ್, ಇದರಲ್ಲಿ ಕಾರು ಎಡಗಡೆ ಸ್ಟೀರಿಂಗ್‌ನದು, ಬೋರ್ಡ್ ಪೋರ್ಚುಗೀಸ್‌ನಲ್ಲಿದೆ.

ಕಿರಣ್ (ಅಡ್ಮಿನ್) (8:30): ಎಲ್ಲರೂ ಒಂದು ನಿಮಿಷ. ಮೀಟಿಂಗ್ ಮಧ್ಯೆ ಬರೆಯುತ್ತಿದ್ದೇನೆ. ಮಾಡಬೇಕಾದ್ದು ಮೂರೇ. ಬುಧವಾರ ಬೆಳಗ್ಗೆ 6ರ ಮೇಲೆಯೇ ಬಿನ್ ಹೊರಗೆ. ಮೂಳೆ, ಸಿಪ್ಪೆ ಫ್ರೀಜರ್‌ನಲ್ಲಿಟ್ಟು ಗಾಡಿ ದಿನ ಮಾತ್ರ ಬಿನ್‌ಗೆ. ನವೆಂಬರ್‌ವರೆಗೆ ಹಕ್ಕಿ ಕಾಳಿನ ಡಬ್ಬಿ ಒಳಗೆ. ಬೇಜವಾಬ್ದಾರಿಯಿಂದ ಕರಡಿಗೆ ಊಟ ಸಿಗುವ ಹಾಗೆ ಮಾಡಿದರೆ ಈ ರಾಜ್ಯದಲ್ಲಿ ದಂಡ ಇದೆ. ಬೀಗದ ಬಿನ್‌ಗೆ ಕಸದವರು ತಿಂಗಳಿಗೆ ಹೆಚ್ಚು ಕೇಳುತ್ತಾರೆ, 15 ಮನೆಯವರು ಒಟ್ಟಿಗೆ ಕೇಳಿದರೆ ಕಡಿಮೆ ಮಾಡಬಹುದು. ಪೋಲ್ ಹಾಕಿದ್ದೇನೆ, ಒತ್ತಿ.

ಚಂಗಪ್ಪ (8:33): ಹಕ್ಕಿ ಡಬ್ಬಿ ವಿಷಯ ದೀಪಾ ಅವರಿಗೆ ಹೇಳಿ. ಅವರ ಹಿತ್ತಲಿನಲ್ಲಿ ನಾಲ್ಕು ನೇತಾಡುತ್ತಿವೆ, ಎಲ್ಲದರಲ್ಲೂ ಸೂರ್ಯಕಾಂತಿ ಬೀಜ.

ದೀಪಾ (8:34): ಮೂರು. ನಾಲ್ಕನೆಯದು ಹಮ್ಮಿಂಗ್‌ಬರ್ಡ್‌ದು.

ರಘು (8:34): ಅದರಲ್ಲಿ ಸಕ್ಕರೆ ನೀರು ಅಲ್ವಾ ಮೇಡಂ? ಅಂದರೆ ಕರಡಿಗೆ ನಮ್ಮ ಮನೆಯಲ್ಲಿ ಊಟ, ನಿಮ್ಮ ಮನೆಯಲ್ಲಿ ಪಾನಕ.

ದೀಪಾ (8:36): ನಾನು ಹೊಸತೊಡಕಿನ ಬಗ್ಗೆ ಒಂದು ಮಾತೂ ಆಡಿಲ್ಲ ರಘು. ಆಡಬಹುದಿತ್ತು.

ರಘು (8:37): ಮಾಂಸ ತಿನ್ನುವವರದ್ದೇ ತಪ್ಪು ಅಂತ ಅಲ್ವಾ ಇದರ ಅರ್ಥ? ಸುಮಕ್ಕನ ಒಬ್ಬಟ್ಟು ಕರಡಿ ಮೂಸಿಯೂ ನೋಡಲಿಲ್ಲವಾ?

ಸುಮಾ (8:38): ತಿಂದಿದೆ. ಹೂರಣ ಪೂರ್ತಿ ಖಾಲಿ. ದಯವಿಟ್ಟು ಪೋಲ್ ಒತ್ತುತ್ತೀರಾ?

ಚಂಗಪ್ಪ (9:15): ಗವರ್ನರ್‌ಗೆ ಕಾಗದ ಬರೆದಿದ್ದೇನೆ. ಆಯೋಗದಲ್ಲಿ ಬೇಟೆಗಾರರಿಗೂ ಜಮೀನಿನವರಿಗೂ ನ್ಯಾಯವಾದ ಜಾಗ ಸಿಗಲಿ, ಊರಿಗೆ ನುಗ್ಗುವ ಕರಡಿ ಬಗ್ಗೆ ಕ್ರಮ ಬೇಕು ಅಂತ. ಎರಡು ಪುಟ. ಕೆಳಗೆ ಹೆಸರು ಹಾಕಿ.

ಕಿರಣ್ (9:21): ಸರ್, ನನ್ನದಿನ್ನೂ ಎಚ್‌ಒನ್‌ಬಿ ವೀಸಾ. ಓಟೇ ಇಲ್ಲದವನು ಗವರ್ನರ್‌ಗೆ ಏನಂತ ಬರೆಯಲಿ?

ಚಂಗಪ್ಪ (9:22): ಆಯೋಗಕ್ಕೆ ಅಭಿಪ್ರಾಯ ಕಳಿಸಲು ಓಟು ಬೇಡ. ತೆರಿಗೆ ಕಟ್ಟುತ್ತೀಯಲ್ಲ?

ನವೀನ್ (9:24): ಕರಡಿಯೂ ಓಟು ಹಾಕುವುದಿಲ್ಲ, ಆದರೂ ಅದರ ಕಡೆಯವರು ಗೆದ್ದಿದ್ದಾರೆ. ಅದರ ವೀಸಾ ಯಾವುದು ಕೇಳಿ.

ದೀಪಾ (9:30): ನಾನು ಇದಕ್ಕೆ ಹೆಸರು ಹಾಕುವುದಿಲ್ಲ. "ಕ್ರಮ" ಅಂದರೆ ಏನು, ಹೊಡೆಯುವುದಾ? ಇಲಾಖೆಯವರು ಬೋನಿನಲ್ಲಿ ಹಿಡಿದ ಕರಡಿಯನ್ನು ಬಿಡುವಾಗ ಕರೇಲಿಯನ್ ನಾಯಿಗಳನ್ನು ಬೊಗಳಿಸಿ ಅಟ್ಟುತ್ತಾರೆ. ಆ ಹೆದರಿಕೆಗೆ ಅದು ಊರಿನ ಕಡೆ ಬರಲು ಯೋಚಿಸುತ್ತದೆ. ಅಂಥದ್ದನ್ನು ಕೇಳೋಣ. ಕಸ ಹಾಗೇ ಬಿದ್ದಿದ್ದರೆ ಅದೂ ವ್ಯರ್ಥ.

ನವೀನ್ (9:31): ನಮ್ಮ ಗೋಲ್ಡನ್‌ಡೂಡಲ್ ನಾಯಿ ನಿನ್ನೆ ರಾತ್ರಿ ಸೋಫಾ ಕೆಳಗೆ ಇತ್ತು. ಬಾಡಿಗೆಗೆ ಸಿಗುತ್ತದೆ.

ಚಂಗಪ್ಪ (9:40): ಸರಿ, "ಕ್ರಮ" ತೆಗೆದು "ಸೂಕ್ತ ಕ್ರಮ" ಅಂತ ಮಾಡಿದೆ.

ದೀಪಾ (9:41): 🙏

ಕಿರಣ್ (12:10): ಪೋಲ್‌ಗೆ 38 ಮನೆಯಲ್ಲಿ 6 ಓಟು ಬಂದಿವೆ. ಅದರಲ್ಲಿ ಬೀಗದ ಬಿನ್‌ಗೆ 2. ಒಂದು ನನ್ನದು.

ಹರ್ಷ (ಮಧ್ಯಾಹ್ನ 1:26): ಎಲ್ಲರೂ ಇದನ್ನು ನೋಡಿ. ಕರಡಿ ಯಾವ ಕಡೆಯಿಂದ ಬಂತು ಅಂತ ಬಾಗಿಲಿನ ಕ್ಯಾಮೆರಾ ಹಿಂದಕ್ಕೆ ಓಡಿಸಿದೆ. ಕರಡಿ ಇಲ್ಲ. 3:22ಕ್ಕೆ ನಮ್ಮ ಪ್ರಿಯಸ್ ಕೆಳಗೆ ಒಬ್ಬ ಮಲಗಿದ್ದಾನೆ! ಎರಡು ನಿಮಿಷ. ಈಗ ಕಾರು ಸ್ಟಾರ್ಟ್ ಮಾಡಿದರೆ ಟ್ರ್ಯಾಕ್ಟರ್ ಸದ್ದು. ಹೊಗೆಕೊಳವೆಯ ಕೆಟಲಿಟಿಕ್ ಕನ್ವರ್ಟರ್ ಕೊಯ್ದುಕೊಂಡು ಹೋಗಿದ್ದಾನೆ.

ರಘು (1:28): ಅಯ್ಯೋ! ನಮ್ಮದೂ ಪ್ರಿಯಸ್ಸೇ, ಬೀದಿಯಲ್ಲೇ ನಿಂತಿದೆ.

ನವೀನ್ (1:29): ಕರಡಿ ಸುಮಾ ಅವರ ಮನೆಯಿಂದ ಆಗಷ್ಟೇ ಹೊರಟಿದ್ದ ಹೊತ್ತು. ಕಳ್ಳನಿಗೆ ಧೈರ್ಯ ನೋಡಿ.

ಚಂಗಪ್ಪ (1:33): ಪೊಲೀಸರಿಗೆ ದೂರು ಕೊಟ್ಟೆಯಾ ಹರ್ಷ? ನಂಬರ್ ಪ್ಲೇಟ್ ಕಾಣಿಸುತ್ತದಾ? ಆ ಕೆರೆ ಮೂಲೆಯ ಬೀದಿದೀಪ ಕೆಟ್ಟು ಮೂರು ತಿಂಗಳಾಯಿತು. ನಾನು ಆಗಲೇ ಬರೆಯಬೇಕಿತ್ತು. ಈ ಕಾಗದದಲ್ಲೇ ಒಂದು ಪ್ಯಾರಾ ಸೇರಿಸಲಾ?

ಕಿರಣ್ (1:36): ಅದು ಗವರ್ನರ್‌ಗೆ ಹೋಗುವ ಕಾಗದ ಸರ್. ಕ್ಯಾಮೆರಾ, ದೀಪದ ಬಗ್ಗೆ ಬೇರೆ ಗುಂಪು ಮಾಡುತ್ತೇನೆ. "ಬೀದಿ ಸುರಕ್ಷತೆ" ಅಂತ. ಲಿಂಕ್ ಹಾಕಿದೆ.

ದೀಪಾ (1:37): ಸೇರಿದೆ.

ರಘು (1:37): ಸೇರಿದೆ.

ಶ್ರೀನಿವಾಸಮೂರ್ತಿ ಅಂಕಲ್ (1:40): ಸೇರುವುದು ಹೇಗೆ? ಮಗ ಆಫೀಸಿನಲ್ಲಿದ್ದಾನೆ.

ಸುಮಾ (ರಾತ್ರಿ 9:20): ಹೊಸ ಗುಂಪಿನಲ್ಲಿ 34 ಜನ ಸೇರಿದ್ದೀರಿ, ಸಂತೋಷ. ಬಿನ್ ಬೆಳಗ್ಗೆ 6ರ ಮೇಲೆ ಅಂತ ಹೇಳಿದ್ದು ಯಾರಿಗಾದರೂ ನೆನಪಿದೆಯಾ? ಈಗ ಮಗಳ ರೂಮಿನ ಕಿಟಕಿಯಿಂದ ಎಣಿಸಿದೆ. ನಮ್ಮ ರಸ್ತೆಯಲ್ಲಿ 11 ಬಿನ್ ಹೊರಗಿವೆ.

ರಘು (9:26): ಇಟ್ಟಿಗೆ ಇರುವುದು ನಮ್ಮದು ಅಕ್ಕ. ಈ ಸಲ ಎರಡು ಇಟ್ಟಿದ್ದೇನೆ.