‘ನಿಮ್ಮ ಜನ ಯಾವುದು?’ ಬಾಡಿಗೆ ಮನೆ ಹುಡುಕುವವರ ಪ್ರಶ್ನೆ, ವಕೀಲರ ಉತ್ತರ

ಅಡ್ಮಿನ್: ತುಮಕೂರಿನ ಟು-ಲೆಟ್ ಜಾಹೀರಾತುಗಳಲ್ಲಿ ‘ಇಂಥವರಿಗೆ ಮಾತ್ರ’ ಎನ್ನುವುದು ಜಾಸ್ತಿಯಾಗಿದೆ. ಇವತ್ತು ನಮ್ಮ ಗ್ರೂಪಿನ ವಕೀಲರು ಉತ್ತರಿಸುತ್ತಾರೆ. ಫೋನ್ ಮಾಡಬೇಡಿ, ಇಲ್ಲೇ ಕೇಳಿ.

ಬಟವಾಡಿ ಬ್ಯಾಚುಲರ್: ನಮಸ್ಕಾರ ಮೇಡಂ. ವಸಂತನರಸಾಪುರದಲ್ಲಿ ಕೆಲಸ. ಎಲ್ಲಾ ಬೋರ್ಡಲ್ಲೂ ‘ಫ್ಯಾಮಿಲಿಗೆ ಮಾತ್ರ’. ಕೇಸ್ ಹಾಕಬಹುದಾ?

ವಕೀಲರು: ಆಗಲ್ಲಪ್ಪ. ಮದುವೆಯಾಗಿಲ್ಲ ಅಂತ ಮನೆ ಕೊಡದಿರುವುದು ಅಪರಾಧವಲ್ಲ.

ಅಶೋಕನಗರ 2ನೇ ಕ್ರಾಸ್: ‘ಸಸ್ಯಾಹಾರಿಗಳಿಗೆ ಮಾತ್ರ’ ಅಂದರೆ?

ವಕೀಲರು: ಬರೀ ಊಟದ ಮಾತಾದರೆ ಕೇಸ್ ನಿಲ್ಲುವುದು ಕಷ್ಟ. ಒಳಗಿರುವುದು ಜಾತಿ ಅಂತ ನಮಗೆಲ್ಲ ಗೊತ್ತು. ಕೋರ್ಟಿಗೆ ತೋರಿಸಬೇಕಲ್ಲ.

ಕ್ಯಾತ್ಸಂದ್ರ ಟೀಚರ್: ಮೇಡಂ, ನಾವು ಪರಿಶಿಷ್ಟ ಜಾತಿ. ಜಾಹೀರಾತು ನೋಡಿ ಹೋದೆವು, 5,000 ಅಡ್ವಾನ್ಸ್ ಕೊಟ್ಟೆವು. ಹಾಲುಕ್ಕಿಸಲು ಅಮ್ಮ ಹೊಸ ಪಾತ್ರೆ ಕೂಡ ತಂದಿದ್ದರು. ಅಗ್ರಿಮೆಂಟಿಗೆ ಪೂರ್ತಿ ಹೆಸರು ಕೊಟ್ಟ ದಿನವೇ ದುಡ್ಡು ಫೋನ್‌ಪೇಯಲ್ಲಿ ವಾಪಸ್ ಬಂತು. ಹಿಂದೆಯೇ ವಾಯ್ಸ್ ಮೆಸೇಜ್: ‘ನಿಮ್ಮ ಜನಕ್ಕೆ ಕೊಟ್ಟರೆ ನಮ್ಮ ಮನೆಯಲ್ಲಿ ಒಪ್ಪಲ್ಲಮ್ಮ, ಬೇಜಾರು ಮಾಡ್ಕೋಬೇಡಿ.’

ವಕೀಲರು: ತಾಯಿ, ಮೊದಲು ಆ ಮೆಸೇಜ್ ಡಿಲೀಟ್ ಆಗದಂತೆ ನೋಡಿಕೊಳ್ಳಿ. ನಿಮ್ಮದು ಬೇರೆಯವರ ಪ್ರಶ್ನೆಗಳ ಥರ ಅಲ್ಲ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 4ನೇ ಕಲಂನಲ್ಲಿ ವಾಸದ ಮನೆಯ ಮಾತು ಸ್ಪಷ್ಟವಾಗಿಯೇ ಇದೆ. ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದರೆ ಒಂದರಿಂದ ಆರು ತಿಂಗಳು ಜೈಲು. ದಂಡ ನೂರರಿಂದ ಐನೂರು ರೂಪಾಯಿ, ನಗಬೇಡಿ, ಆ ಕಾಲದ ಲೆಕ್ಕ. ದೊಡ್ಡ ಬಲ ಇರುವುದು 12ನೇ ಕಲಂನಲ್ಲಿ. ನೊಂದವರು ಪರಿಶಿಷ್ಟ ಜಾತಿಯವರಾದರೆ, ಕೃತ್ಯ ಅಸ್ಪೃಶ್ಯತೆಯ ಕಾರಣಕ್ಕೇ ನಡೆದಿದೆ ಅಂತ ಕೋರ್ಟ್ ಹಿಡಿಯುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ಮನೆ ಮಾಲೀಕರದು. ಜಾಹೀರಾತು, ದುಡ್ಡು ಹೋಗಿ ಬಂದ ತಾರೀಖು, ವಾಯ್ಸ್, ಮೂರನ್ನೂ ಇಟ್ಟುಕೊಳ್ಳಿ. ಫೋನ್ ಬದಲಾಯಿಸಬೇಡಿ, ರೀಸೆಟ್ ಮಾಡಬೇಡಿ. 14566 ಸಹಾಯವಾಣಿ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನಿಮಗೆ ವಕೀಲರು ಉಚಿತ. ಸಂಬಳ ಎಷ್ಟಿದ್ದರೂ ಸರಿ.

ಶೆಟ್ಟಿಹಳ್ಳಿ ಗೇಟ್: ಫಾರ್ವರ್ಡ್ ಬಂದಿದೆ ನೋಡಿ. ‘ಸಂವಿಧಾನದ 15ನೇ ವಿಧಿ ಪ್ರಕಾರ ಮನೆ ಕೊಡದ ಮಾಲೀಕನಿಗೆ 5 ವರ್ಷ ಜೈಲು. ಅವರ ಫೋಟೋ, ನಂಬರ್ ಎಲ್ಲೆಡೆ ಹಾಕಿ.’

ವಕೀಲರು: ಸುಳ್ಳು. 15ನೇ ವಿಧಿ ಮುಖ್ಯವಾಗಿ ಸರ್ಕಾರಕ್ಕೆ. ಎರಡನೇ ಭಾಗದಲ್ಲಿ ಅಂಗಡಿ, ಹೋಟೆಲ್, ಬಾವಿ, ಕೆರೆ ಇವೆ. ಬಾಡಿಗೆ ಮನೆ ಇಲ್ಲ, ಶಿಕ್ಷೆಯೂ ಬರೆದಿಲ್ಲ. ನಂಬರ್ ಹಾಕಿದರೆ ನಾಳೆ ಕೇಸ್ ನಿಮ್ಮ ಮೇಲೇ ಬೀಳಬಹುದು.

ಪಿ.ಎಚ್. ಕಾಲೊನಿ: ಹೆಸರು ಹೇಳಿದ ಕೂಡಲೇ ‘ಮನೆ ಹೋಯ್ತು’ ಅಂತಾರೆ. ನಾನು ಮುಸ್ಲಿಂ. ನನಗೇನು ಮೇಡಂ?

ವಕೀಲರು: ಖಾಸಗಿ ಮಾಲೀಕನ ಮೇಲೆ ನೇರವಾಗಿ ಹಿಡಿಯಲು ಕಾನೂನಿಲ್ಲ. ಹೇಳಲು ನನಗೇ ನಾಚಿಕೆ.

ಎಸ್.ಎಸ್. ಪುರಂ ಓನರ್: ಸಾಲ ಮಾಡಿ ಕಟ್ಟಿಸಿದ್ದು ನಾವು. ಯಾರಿಗೆ ಕೊಡಬೇಕು ಅನ್ನೋದು ನಮ್ಮಿಷ್ಟ.

ಅಶೋಕನಗರ 2ನೇ ಕ್ರಾಸ್: ಬಾಡಿಗೆ ದುಡ್ಡಿಗೆ ಮಾತ್ರ ಮೈಲಿಗೆ ಇಲ್ವಾ ಸಾರ್?

ಎಸ್.ಎಸ್. ಪುರಂ ಓನರ್: ನೀವು ಎರಡು ತಿಂಗಳು ಬಾಡಿಗೆ ಕೊಡದವರ ಹತ್ತಿರ ಪಾಡು ಪಟ್ಟು ನೋಡಿ, ಆಮೇಲೆ ಮಾತಾಡಿ.

ಪಿ.ಎಚ್. ಕಾಲೊನಿ: ಬಾಡಿಗೆ ಕೊಡದವರಿಗೂ ಜಾತಿಗೂ ಏನು ಸಂಬಂಧ ಗುರು?

ಅಡ್ಮಿನ್: ವಿಷಯಕ್ಕೆ ಬನ್ನಿ.

ಶೆಟ್ಟಿಹಳ್ಳಿ ಗೇಟ್: ಸುಮ್ನೆ ಬೇರೆ ಸರ್‌ನೇಮ್ ಹೇಳಿ ಮನೆ ಹಿಡಿಯಿರಿ. ನಮ್ಮ ಸ್ನೇಹಿತ ಹಾಗೇ ಮಾಡಿದ.

ವಕೀಲರು: ಅಗ್ರಿಮೆಂಟಲ್ಲಿ ಸುಳ್ಳು ಹೆಸರು ಬರೆದು, ಆಮೇಲೆ ಆಧಾರ್ ಕೇಳಿದರೆ? ದಯವಿಟ್ಟು ಇಂಥ ಸಲಹೆ ನಿಲ್ಲಿಸಿ.

ಬಟವಾಡಿ ಬ್ಯಾಚುಲರ್: ಮೇಡಂ, ಬ್ಯಾಚುಲರ್‌ಗೆ ಹತ್ತು ತಿಂಗಳ ಡೆಪಾಸಿಟ್ ಕೇಳ್ತಾರೆ, ಅದು ಸರೀನಾ?

ಮರಳೂರು ನರ್ಸ್: ಸಸ್ಯಾಹಾರಿಗಳಿಗೆ ಮಾತ್ರ ಅಂತ ಹಾಕಬಹುದಾ ಮೇಡಂ?

ವಕೀಲರು: ಮೇಲೆ ಹೇಳಿದ್ದೇನೆ. ಓದಿ.

ಕ್ಯಾತ್ಸಂದ್ರ ಟೀಚರ್: ಮೇಡಂ, ಅವರು ಆ ಮೆಸೇಜ್ ಈಗ ‘ಎಲ್ಲರಿಗೂ ಡಿಲೀಟ್’ ಮಾಡಿಬಿಟ್ಟರು. ನಿನ್ನೆ ಅಮ್ಮನಿಗೆ ಫಾರ್ವರ್ಡ್ ಮಾಡಿದ್ದೆ, ಅಷ್ಟೇ.

ವಕೀಲರು: ಅಮ್ಮನ ಫೋನ್‌ನಲ್ಲಿ ಇದೆಯಾ? ಈಗಲೇ ನೋಡಿ ಹೇಳಿ.

ಎಸ್.ಎಸ್. ಪುರಂ ಓನರ್: ಒಬ್ಬರ ಮನೆ ವಿಷಯ ಗ್ರೂಪಲ್ಲಿ ಹರಡೋದು ಸರಿಯಲ್ಲ.

ವಕೀಲರು: ನಿಮ್ಮನ್ನು ಯಾರೂ ಕೇಳಲಿಲ್ಲ.

ಕ್ಯಾತ್ಸಂದ್ರ ಟೀಚರ್: ಇದೆ ಮೇಡಂ.

ವಕೀಲರು: ನಾಳೆ ಹತ್ತಕ್ಕೆ ಕೋರ್ಟ್ ಹತ್ತಿರ ಬನ್ನಿ. ಎರಡೂ ಫೋನ್ ತನ್ನಿ, ಅಮ್ಮನನ್ನೂ ಕರೆದುಕೊಂಡು ಬನ್ನಿ.

ಬಟವಾಡಿ ಬ್ಯಾಚುಲರ್: ಮೇಡಂ, ಡೆಪಾಸಿಟ್?